ಎಂದರೆ ಸರಿ

ಶ್ರೀರಂಗಪಟ್ಟಣ
12 ಜೂನ್ 2024

ಪವಿತ್ರಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ಹರಿದುಹಾಕದೆ ಇಲ್ಲಿಯವರೆಗೆ ಬಂದಿದ್ದರೆ ಇನ್ನೂ ಸ್ವಲ್ಪ ಓದು. ಫೋನಿನಲ್ಲಿ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಮಾಡಿದ್ದು ತಪ್ಪಲ್ಲ. ಆ ದಿನ ನಿಮ್ಮ ಮನೆಯವರನ್ನೆಲ್ಲ ಪಾಳೇಗಾರರು ಅಂದವಳು ನಾನು. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಲ್ಲ ಎಂಬ ಧೈರ್ಯದಿಂದ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಪಾಂಡವಪುರದಲ್ಲಿ ಅತಿಥಿ ಶಿಕ್ಷಕಿಯಾಗಿದ್ದೀಯ ಎಂದು ನಮ್ಮ ಜೊತೆ ಪಿಯುಸಿ ಓದಿದ ಮೇಘನ ಹೇಳಿದಳು.

ನಾನೀಗ ಕಾನೂನು ಓದುತ್ತಿದ್ದೇನೆ, ಎರಡನೇ ವರ್ಷ. ಇಲ್ಲಿ ನಮ್ಮತ್ತೆ ಶಾಹಜಹಾನ್ ಬೇಗಂ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿಬರುತ್ತೇನೆ. ಕೋರ್ಟಿನ ಬಾಗಿಲಲ್ಲಿ ಪುಕ್ಕಟೆ ಹಂಚುವ ಕಾನೂನು ಅರಿವಿನ ಕಿರುಪುಸ್ತಿಕೆಗಳನ್ನು ನಾನು ರಾಶಿ ಹಾಕಿಕೊಂಡು ಓದುತ್ತಿದ್ದುದು ನಿನಗೆ ನೆನಪಿರಬೇಕು. ಹನ್ನೆರಡು ಪುಟ ಓದಿ ಲೋಕ ತಿದ್ದಬಲ್ಲೆ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ, ಪುಟಗಳು ಮಾತ್ರ ಹೆಚ್ಚಾಗಿವೆ.

ನಿನಗೆ ಗೊತ್ತಿರುವುದನ್ನೇ ಈಗ ಮೊದಲಿಂದ ಬರೆಯುತ್ತೇನೆ. ಎಲ್ಲರಿಗೂ ಗೊತ್ತಿರುವುದನ್ನೂ ಕೋರ್ಟಿನಲ್ಲಿ ಮೊದಲಿಂದ ಹೇಳಬೇಕು ಎನ್ನುವುದು ನಾನು ಕಲಿತ ಮೊದಲ ಪಾಠ. ಕಿಕ್ಕೇರಿ ರಸ್ತೆಯಿಂದ ಒಳಗೆ, ನಿಮ್ಮ ಹೊಲದ ಹಿಂದೆ, ನಮ್ಮ ತಾತ ಅಮೀರ್ ಕಟ್ಟಿದ ತಗಡಿನ ಚಪ್ಪರವಿದೆ. ಮೊದಲು ತಾತ, ಆಮೇಲೆ ಅಬ್ಬಾ, ಅಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಾ ಬಂದರು. ಚಪ್ಪರದ ಜಾಗ ನಮ್ಮದು. ಎತ್ತು ಅಲ್ಲಿಗೆ ಬರುವ ದಾರಿ ನಿಮ್ಮ ಹೊಲದ ಅಂಚಿನದು. ನಲವತ್ತು ವರ್ಷ ಆ ದಾರಿಯಲ್ಲಿ ಎತ್ತುಗಳು ಬಂದಿವೆ. ಎರಡು ವರ್ಷದ ಹಿಂದೆ ನಿಮ್ಮಣ್ಣ ದಿಲೀಪ ಅಡ್ಡಲಾಗಿ ತಂತಿಬೇಲಿ ಹಾಕಿಸಿದ. ಉಳಿದಿರುವುದು ನಾಲೆಯ ಏರಿ. ಅದರ ಮೇಲೆ ಮನುಷ್ಯ ನಡೆಯಬಹುದು, ಜೋಡೆತ್ತು ನಡೆಯಲಾರವು. ಎತ್ತು ಬರದೆ ಇದ್ದರೆ ಅಬ್ಬಾ ಉಳಿ, ಸುತ್ತಿಗೆ, ಹಗ್ಗ ಹೆಗಲಿಗೇರಿಸಿಕೊಂಡು ಎತ್ತು ಇದ್ದಲ್ಲಿಗೆ ಹೋಗಬೇಕು. ಅರವತ್ತೊಂದನೇ ವಯಸ್ಸಿನಲ್ಲಿ ನಾಗಮಂಗಲದ ಕಡೆಯ ಸಂತೆಗಳವರೆಗೂ ಹೋಗುತ್ತಿದ್ದಾರೆ. ಅದಕ್ಕೇ ನಾವು ಕೃಷ್ಣರಾಜಪೇಟೆಯಲ್ಲಿ ದಾವೆ ಹಾಕಿದ್ದು.

ಕಾನೂನು ಹೇಳುವುದು ಇಷ್ಟು. ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ಜಗಳವಿಲ್ಲದೆ, ನನ್ನ ಹಕ್ಕು ಎಂದು ಒಂದು ದಾರಿಯಲ್ಲಿ ನಡೆದರೆ ನಡೆಯುವ ಹಕ್ಕು ನಡೆದವರದಾಗುತ್ತದೆ. ಆದರೆ ಅಪ್ಪಣೆ ಪಡೆದು ನಡೆದಿದ್ದರೆ ನೂರು ವರ್ಷ ನಡೆದರೂ ಆಗುವುದಿಲ್ಲ.

ಹೋದ ವಾರ ನಿಮ್ಮ ವಕೀಲರು ಅಬ್ಬಾನನ್ನು ಪಾಟಿಸವಾಲು ಮಾಡಿದರು. ಯುಗಾದಿಯ ಹಿಂದಿನ ದಿನ, ವರ್ಷದ ಮೊದಲ ಉಳುಮೆಯಾದ ಹೊನ್ನಾರಿಗೆಂದು ನಿಮ್ಮ ಎತ್ತುಗಳಿಗೆ ಅಬ್ಬಾ ಲಾಳ ಕಟ್ಟುತ್ತಿದ್ದುದು, ಆಮೇಲೆ ನಿಮ್ಮ ಜಗಲಿಯ ಕೆಳಗೆ ನಿಂತು ಈ ವರ್ಷವೂ ದಾರಿ ಬಿಡುತ್ತೀರಾ ಎಂದು ಕೇಳುತ್ತಿದ್ದುದು, ಎಲ್ಲವನ್ನೂ ಒಂದೊಂದಾಗಿ ಹೇಳಿ, ಕೇಳುತ್ತಿದ್ದಿರಿ ಅಲ್ಲವೇ ಎಂದರು. ಅಬ್ಬಾ ಹೂಂ ಸ್ವಾಮಿ ಎಂದರು. ಅಷ್ಟೇ. ಟೈಪಾಗಿ ಹೊರಬಂದ ಹಾಳೆಯಲ್ಲಿ ಅದು ಕೋರ್ಟಿನ ಭಾಷೆಗೆ ತಿರುಗಿ ಹೀಗಿತ್ತು: "ನಾನು ಪ್ರತಿ ವರ್ಷ ಯುಗಾದಿ ಸಮಯದಲ್ಲಿ ಒಂದನೇ ಪ್ರತಿವಾದಿ ಚಿಕ್ಕಸ್ವಾಮಿಯವರ ಬಳಿ ದಾರಿಗಾಗಿ ಅಪ್ಪಣೆ ಕೇಳುತ್ತಿದ್ದೆ ಎಂದರೆ ಸರಿ."

ಅಬ್ಬಾ ಕಟಕಟೆಯಿಂದ ಇಳಿದು ಬಂದು, "ಎಲ್ಲಾ ನಿಜಾನೇ ಏಳಿವ್ನಿ ಕಣವ್ವಾ" ಎಂದು ನನ್ನ ತಲೆ ಸವರಿದರು. ನಮ್ಮ ವಕೀಲರಾದ ರವೀಂದ್ರ ಅವರಿಗೆ ಈ ಪದ್ಧತಿಯೇ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಅನ್ನಿಸಿರಲೇ ಇಲ್ಲ. ಸೌಜನ್ಯಕ್ಕೆಂದು ಆಡಿದ ಮಾತು ಒಂದು ಸಾಲಾಗಿ ಬಂದು ನಲವತ್ತು ವರ್ಷವನ್ನು ಅಳಿಸಿಹಾಕಿತು.

ಆ ಹಾಳೆಯಲ್ಲಿ ಪ್ರಶ್ನೆ ಇದೆ. ನಿಮ್ಮಪ್ಪ ಕೊಡುತ್ತಿದ್ದ ಉತ್ತರ ಇಲ್ಲ. ಅಬ್ಬಾ ನನಗೆ ಆ ಉತ್ತರ ಹೇಳಿದ್ದಾರೆ. ಆದರೆ ಅವರು ವಾದಿ, ಅವರ ಮಾತು ಅವರಿಗೆ ಅನುಕೂಲ. ಆಗ ಜಗಲಿಯ ಮೇಲೆ ನೀನೂ ಇರುತ್ತಿದ್ದೆ. ನಿನಗೆ ಏನು ನೆನಪಿದೆ ಎಂದು ನನಗೆ ತಿಳಿಯಬೇಕು. ತಿಳಿಯಬೇಕು, ಅಷ್ಟೇ.

ಇನ್ನೂ ಗೆಳತಿ ಎಂದು ಸಹಿ ಹಾಕಬಹುದೋ ಇಲ್ಲವೋ ಗೊತ್ತಿಲ್ಲದ,
ಜೀನತ್

*

ಪಾಂಡವಪುರ
2 ಜುಲೈ 2024

ಜೀನತ್,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಮುಟ್ಟಿ ನೋಡಿದರು. ಕೈಬರಹದ ವಿಳಾಸ ನೋಡಿ ಗಣಿತದ ಮೇಡಂ ಹುಡುಗ ಯಾರು ಎಂದು ಕೇಳಿದರು. ಹುಡುಗನಲ್ಲ, ನನ್ನನ್ನು ಪಾಳೇಗಾರರ ಮಗಳು ಅಂದವಳು ಎಂದೆ.

ಎರಡು ವಾರ ಉತ್ತರ ಬರೆಯಬಾರದು ಅಂದುಕೊಂಡೆ. ದಿಲೀಪಣ್ಣ ಬೇಲಿ ಹಾಕಿಸುವಾಗ ನನ್ನನ್ನು ಕೇಳಲಿಲ್ಲ, ನೀವು ದಾವೆ ಹಾಕುವಾಗಲೂ ಕೇಳಲಿಲ್ಲ. ಈಗ ಮಾತ್ರ ನನ್ನ ನೆನಪು ಬೇಕಾಗಿದೆ. ಆದರೆ ಮಕ್ಕಳಿಗೆ ನಾನು ದಿನಾ ಹೇಳುವುದು, ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂರಬೇಡಿ ಎಂದು. ಆ ಮಾತು ಕಾಟ ಕೊಟ್ಟಿತು.

ನೆನಪಿದೆ. ನಾನು ಜಗಲಿಯ ಮೇಲೆ ಬೇವಿನ ಹೂ ಬಿಡಿಸುತ್ತಾ ಕೂತಿರುತ್ತಿದ್ದೆ, ನೀನು ನಿಮ್ಮ ಅಬ್ಬಾನ ಬೆನ್ನ ಹಿಂದೆ ನಿಂತು ಅಣಕಿಸುತ್ತಿದ್ದೆ. ಅವರು ಪ್ರತಿ ವರ್ಷ ಅದೇ ಮಾತು ಕೇಳುತ್ತಿದ್ದರು, ಅಪ್ಪನೂ ಪ್ರತಿ ವರ್ಷ ಅದೇ ಉತ್ತರ ಹೇಳುತ್ತಿದ್ದರು.

"ದಾರಿ ನಿಂದು ಕಣ್ಲಾ ಯಾಸಿನ. ನನ್ನ ಯಾಕ್ಲಾ ಕೇಳೀಯೆ?"

"ಕೇಳಾದು ನಮ್ ಮರ್ವಾದೆ ಗೌಡ್ರೆ."

ಆಮೇಲೆ ಅಪ್ಪ ಎದ್ದುಬಂದು ಬೇವುಬೆಲ್ಲ ಕೊಡುತ್ತಿದ್ದರು. ನನಗೆ ಬುದ್ಧಿ ತಿಳಿದಾಗಿನಿಂದ ಹದಿನಾಲ್ಕು ಹದಿನೈದು ಯುಗಾದಿಯಾದರೂ ಇದನ್ನೇ ಕೇಳಿರಬಹುದು. ಒಂದು ವರ್ಷ ಅಪ್ಪನಿಗೆ ಜ್ವರ ಬಂದು ಒಳಗೆ ಮಲಗಿದ್ದರು. ನಿಮ್ಮ ಅಬ್ಬಾ ಆಗಲೂ ಹೊರಗಿಂದಲೇ ಕೇಳಿದರು. ಅಪ್ಪ ಒಳಗಿಂದಲೇ, ಜ್ವರದಲ್ಲೂ ಬಿಡಲ್ಲವಲ್ಲ ಇವನು ಎಂದು ಬೈದು, ಅದೇ ಉತ್ತರ ಕೊಟ್ಟರು.

ಇದನ್ನು ನಿನಗೆ ಬರೆದಿದ್ದೇನೆ, ನಿನ್ನ ವಕೀಲರಿಗಲ್ಲ. ತಿಳಿಯಬೇಕು ಅಂದೆ. ತಿಳಿಸಿದ್ದೇನೆ.

ಬ್ಲಾಕ್ ಇನ್ನೂ ತೆಗೆದಿಲ್ಲದ,
ಪವಿತ್ರ

*

ಶ್ರೀರಂಗಪಟ್ಟಣ
14 ಜುಲೈ 2024

ಪವಿತ್ರಾ,

ಮೊದಲು ತಪ್ಪೊಪ್ಪಿಗೆ. ನಿನ್ನ ಕಾಗದವನ್ನು ರವೀಂದ್ರ ಸರ್‌ಗೆ ತೋರಿಸಿದೆ. ನೀನು ತೋರಿಸಬೇಡ ಅಂದಿದ್ದೆ. ನಾನು ಓದಿ ಮುಗಿಸುವ ಹೊತ್ತಿಗೇ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ದೆ. "ಅರೇ ಬೇಟಿ, ಬಿರಿಯಾನಿ ಆರೋಗ್ತದೆ" ಎಂದು ಅತ್ತೆ ಕೂಗಿದ್ದೂ ಕೇಳಿಸಲಿಲ್ಲ. ಅಪ್ಪಣೆ ಕೇಳಿದ್ದಕ್ಕೆ ಬಂದ ಉತ್ತರ, ದಾರಿ ನಿನ್ನದು ಎಂದು! ಹಕ್ಕನ್ನು ಒಪ್ಪಿಕೊಂಡ ಮಾತು, ಅದೂ ಪ್ರತಿವಾದಿಯ ಮಗಳ ಕೈಬರಹದಲ್ಲಿ. ಗೆದ್ದೆವು ಅಂದುಕೊಂಡೆ.

ರವೀಂದ್ರ ಸರ್ ಕಾಗದವನ್ನು ಎರಡು ಸಲ ಓದಿ ಮಡಿಸಿ ನನ್ನ ಕೈಗೇ ಕೊಟ್ಟರು. ಇದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ ಎಂದರು. ಕಾಗದವನ್ನು ಪ್ರಶ್ನೆ ಮಾಡಲಾಗುವುದಿಲ್ಲ. ಬರೆದವರು ಬಂದು, ಪ್ರಮಾಣ ಮಾಡಿ, ಎದುರು ಕಡೆಯವರ ಪ್ರಶ್ನೆಗೂ ನಿಂತು ಉತ್ತರಿಸಬೇಕು. ಅಲ್ಲಿಯವರೆಗೆ ಅದು ಯಾರೋ ಯಾರಿಗೋ ಹೇಳಿದ ಮಾತು.

ನನಗೆ ಸಿಟ್ಟು ಬಂತು. ಆದರೆ ಪುಸ್ತಕ ತೆಗೆದರೆ ಅವರು ಹೇಳಿದ್ದೇ ಇದೆ. ನಮ್ಮದು ಇಂಗ್ಲಿಷರಿಂದ ಬಂದ ಪದ್ಧತಿ. ಬೇರೆ ಕೆಲವು ದೇಶಗಳಲ್ಲಿ ನ್ಯಾಯಾಧೀಶರೇ ಸತ್ಯವನ್ನು ಹುಡುಕಿಕೊಂಡು ಹೋಗುತ್ತಾರಂತೆ. ಇಲ್ಲಿ ಹಾಗಲ್ಲ. ಎರಡು ಕಡೆಯವರು ತಂದಿಟ್ಟದ್ದನ್ನು ಅವರು ತೂಗುತ್ತಾರೆ. ಯಾರೂ ತಂದಿಡದ ಸತ್ಯ ಬಾಗಿಲಾಚೆ ನಿಂತಿರುತ್ತದೆ, ಒಳಗಿದ್ದವರಿಗೆಲ್ಲ ಕಾಣುತ್ತಿದ್ದರೂ ಒಳಗೆ ಬರಲಾರದು. ಇದು ನ್ಯಾಯವೇ ಎಂದು ತರಗತಿಯಲ್ಲಿ ಎದ್ದುನಿಂತು ಕೇಳಿದೆ. ರಾಜನ ಮನಸ್ಸಿಗೆ ಬಂದಂತೆ ತೀರ್ಪು ಕೊಡುವುದಕ್ಕಿಂತ ಇದು ಮೇಲು ಅನ್ನಿಸಿ ಕಟ್ಟಿಕೊಂಡ ಪದ್ಧತಿ, ಕೂತುಕೋ ಎಂದರು ಮೇಷ್ಟ್ರು. ಕೂತುಕೊಂಡೆ. ಒಪ್ಪಿಕೊಂಡಿಲ್ಲ.

ಆಗಸ್ಟ್ ಎಂಟಕ್ಕೆ ನಿಮ್ಮಪ್ಪನ ಸಾಕ್ಷಿ ಇದೆ. ಆವತ್ತು ಅವರನ್ನೇ ಕೇಳಿ ಸರ್ ಎಂದು ರವೀಂದ್ರ ಅವರಿಗೆ ಹೇಳಿದೆ. ಉತ್ತರ ಏನು ಬರುತ್ತದೆ ಎಂದು ಗೊತ್ತಿಲ್ಲದ ಪ್ರಶ್ನೆಯನ್ನು ಪಾಟಿಸವಾಲಿನಲ್ಲಿ ಕೇಳಬಾರದಂತೆ. ನಿಮ್ಮಪ್ಪ ಮಗನ ಮುಖ ನೋಡಿ, ಆಯ್ತು ಹೋಗು ಅಂತಿದ್ದೆ ಎಂದುಬಿಟ್ಟರೆ ಅದೇ ದಾಖಲೆಯಾಗಿ ನಿಲ್ಲುತ್ತದಂತೆ.

ಆದ್ದರಿಂದ ನೀನೇ ಬರಬೇಕು ಪವಿತ್ರಾ. ನಿಜ ಹೇಳುವುದು ಯಾರ ವಿರುದ್ಧವೂ ಅಲ್ಲ. ನೀನು ಸುಮ್ಮನಿದ್ದರೆ ಅದು ಸುಳ್ಳಿನ ಪರವಾಗಿ ನಿಂತಂತೆ. ಬರುತ್ತೀಯಾ?

ಭರವಸೆಯಲ್ಲಿ,
ಜೀನತ್

*

ಪಾಂಡವಪುರ
22 ಜುಲೈ 2024

ಜೀನತ್,

ನಿನಗೆ ಬರೆದದ್ದು ಈಗ ಒಬ್ಬ ವಕೀಲರಿಗೂ, ನಾಳೆ ಒಂದು ತಾಲ್ಲೂಕಿಗೂ ಗೊತ್ತು.

ನಿಜ ಹೇಳುವುದು ಯಾರ ವಿರುದ್ಧವೂ ಅಲ್ಲ ಎನ್ನುವ ವಾಕ್ಯ ನಿನ್ನ ಯಾವ ಪುಸ್ತಿಕೆಯಲ್ಲಿತ್ತು? ಅದನ್ನು ಬರೆದವರಿಗೆ ಒಬ್ಬ ಅಪ್ಪ, ಒಬ್ಬ ಅಣ್ಣ, ಹಬ್ಬಕ್ಕೆ ಹೋಗಲು ಒಂದೇ ಒಂದು ಮನೆ ಇದ್ದಿರಲಾರದು.

ಇನ್ನು ಬರೆಯಬೇಡ.

ಪವಿತ್ರ

*

ಶ್ರೀರಂಗಪಟ್ಟಣ
25 ಆಗಸ್ಟ್ 2024

ಪವಿತ್ರಾ,

ಬರೆಯಬೇಡ ಅಂದೆ. ಇದೊಂದನ್ನು ಬರೆದು ನಿಲ್ಲಿಸುತ್ತೇನೆ. ಉತ್ತರ ಕೇಳುವುದಿಲ್ಲ.

ತಪ್ಪು ನನ್ನದು. ತಿಳಿಯಬೇಕು, ಅಷ್ಟೇ ಎಂದು ಬರೆದಾಗಲೇ ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ಸಾಕ್ಷಿಯನ್ನು ಮಾತಿನಲ್ಲಿ ಸಿಕ್ಕಿಸುವುದನ್ನು ಪಾಟಿಸವಾಲಿನ ವಕೀಲರು ಮಾಡಿದರೆ ರೇಗುವ ನಾನು, ಅದನ್ನೇ ಒಂದಿಷ್ಟೂ ಕಡಿಮೆ ಇಲ್ಲದಂತೆ ನಿನಗೆ ಮಾಡಿದೆ.

ಎಂಟನೇ ತಾರೀಖು ನಿಮ್ಮಪ್ಪ ಕಟಕಟೆ ಹತ್ತಿದರು. ತುಂಬ ಇಳಿದುಹೋಗಿದ್ದಾರೆ. ಅವರ ಪರವಾಗಿ ವಕೀಲರು ಬರೆದ ಪ್ರಮಾಣಪತ್ರದಲ್ಲಿ, ದಯೆಯಿಂದ ವರ್ಷವರ್ಷವೂ ಅನುಮತಿ ಕೊಟ್ಟಿರುತ್ತೇನೆ ಎಂದಿತ್ತು. ರವೀಂದ್ರ ಸರ್ ಎತ್ತುಗಳು ಎಷ್ಟು ವರ್ಷದಿಂದ ಬರುತ್ತಿದ್ದವು, ದಾರಿ ಎಷ್ಟು ಅಗಲ, ಯಾವಾಗಲಾದರೂ ತಡೆದಿದ್ದಿರಾ ಎಂದು ಕೇಳಿದರು. ತಡೆದಿಲ್ಲ ಎಂದರು ನಿಮ್ಮಪ್ಪ. ಆಮೇಲೆ ಸರ್ ಕಡತವನ್ನು ಒಮ್ಮೆ ತಿರುವಿ ನೋಡಿದರು. ನಿಮ್ಮಪ್ಪ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಿದ್ದರು. ಬೇರೆ ಪ್ರಶ್ನೆ ಇಲ್ಲ ಎಂದು ಸರ್ ಕೂತುಬಿಟ್ಟರು.

ಹೊರಗೆ ಬಂದು ಅವರ ಜೊತೆ ಜಗಳವಾಡಿದೆ. ಕಕ್ಷಿದಾರನ ದಾರಿಯನ್ನು ಜೂಜಿಗೆ ಇಡಲಾಗುವುದಿಲ್ಲಮ್ಮ, ಇನ್ನೂ ಕಲಿಯುತ್ತಿದ್ದೀಯ ಎಂದರು. ಅವರು ಕೆಟ್ಟವರಲ್ಲ. ನಮ್ಮ ದಾವೆಯನ್ನು ಕಾನೂನು ನೆರವಿನಲ್ಲಿ ನಡೆಸುತ್ತಿದ್ದಾರೆ, ಹಿಂದಿನ ತೀರ್ಪುಗಳಿಗಾಗಿ ಇಡೀ ದಿನ ಹುಡುಕುತ್ತಾರೆ. ನಾನೂ ಜೊತೆಯಲ್ಲಿ ಹುಡುಕುತ್ತಿದ್ದೇನೆ. ಈ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು ಅದೊಂದೇ. ಎಲ್ಲೋ ಯಾವನೋ ಬಡವ ಹಿಂದೆ ಒಂದು ದಾವೆ ಗೆದ್ದಿದ್ದರೆ ಆ ಗೆಲುವು ಕಪಾಟಿನಲ್ಲಿ ಕೂತು ಇವತ್ತಿನ ಬಡವನಿಗಾಗಿ ಕಾಯುತ್ತಿರುತ್ತದೆ. ಮರ್ಯಾದೆಗಾಗಿ ಕೇಳಿದ್ದು ಅನುಮತಿಯಲ್ಲ ಎಂದು ಯಾವುದಾದರೂ ದೊಡ್ಡ ಕೋರ್ಟು ಹೇಳಿರಬೇಕು. ನಮಗೆ ಹತ್ತಿರದ ಒಂದು ಸಿಕ್ಕಿದೆ. ಆದರೆ ಅದರಲ್ಲಿ ಉತ್ತರ ಕೇಳಿಸಿಕೊಂಡ ಸಾಕ್ಷಿ ಇದ್ದರು. ನಮಗೆ ಇಲ್ಲ, ಆದ್ದರಿಂದ ಎದುರಿನವರು ಸುಲಭವಾಗಿ ಅದು ಬೇರೆ ಇದು ಬೇರೆ ಎನ್ನುತ್ತಾರೆ.

ನಿನ್ನನ್ನು ಸಾಕ್ಷಿಯಾಗಿ ಕರೆಸಲು ದಾರಿ ಇನ್ನೂ ಇದೆಯಂತೆ. ಮುಗಿದ ಸಾಕ್ಷ್ಯವನ್ನು ಮತ್ತೆ ತೆರೆಯಲು ಅರ್ಜಿ ಹಾಕಬೇಕು, ಕೋರ್ಟು ಸಮನ್ಸ್ ಕಳಿಸುತ್ತದೆ. ಇದನ್ನು ಅಬ್ಬಾಗೆ ಹೇಳಿದೆ. ಲಾಳದ ಮೊಳೆಗಳನ್ನು ವಿಂಗಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಆ ಮಗೀನ ಕರೀಬ್ಯಾಡ. ದಾರಿ ಓದ್ರೆ ನಾನು ಏರಿ ಮೇಲೆ ನಡುದೇನು. ಅಪ್ಪನ್ ಮನೆ ಓದ್ರೆ ಅವ್ಳು ಎಲ್ಗೋಗಳು?"

ಕರೆಯುವುದಿಲ್ಲ ಪವಿತ್ರಾ. ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಬೇಕೆಂದರೆ ವಾಪಸ್ ಕಳಿಸುತ್ತೇನೆ.

ಕ್ಷಮೆ ಕೇಳುವ,
ಜೀನತ್

*

ಪಾಂಡವಪುರ
10 ನವೆಂಬರ್ 2024

ಜೀನತ್,

ಕಾಗದ ವಾಪಸ್ ಬೇಡ. ಎರಡೂವರೆ ತಿಂಗಳು ನಿನಗೆ ಬರೆಯದೆ ಇದ್ದೆ, ಆದರೆ ಕೊನೆಯ ಕಾಗದವನ್ನು ಪಾಠದ ಟಿಪ್ಪಣಿ ಪುಸ್ತಕದಲ್ಲಿಟ್ಟುಕೊಂಡು ಓಡಾಡಿದೆ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಮನೆಯಲ್ಲೀಗ ಎತ್ತುಗಳಿಲ್ಲ, ದಿಲೀಪಣ್ಣ ಟ್ರಾಕ್ಟರು ತಂದ ಮೇಲೆ ಮಾರಿದ. ಆದರೂ ಅಜ್ಜಿ ದೊಡ್ಡತಾಯಮ್ಮ ಬಿಡದೆ, ಖಾಲಿ ಕೊಟ್ಟಿಗೆ ಸಾರಿಸಿ ದೀಪ ಇಡಿಸಿದಳು. ಅಪ್ಪ ಗೊಂತಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದರು. ಕೋರ್ಟಿಗೆ ಹೋಗಿಬಂದಾಗಿನಿಂದ ಅವರು ಹೀಗೇ, ಯಾರ ಜೊತೆಗೂ ಹೆಚ್ಚು ಮಾತಿಲ್ಲ, ಊಟವೂ ಅರ್ಧ ಎಂದು ಅಮ್ಮ ಹೇಳಿದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರೇ ಬಾಯಿಬಿಟ್ಟರು.

"ಯಾಸಿನನ ವಕೀಲ ಅದೊಂದು ಕೇಳ್ತಾನೆ ಅಂತ ನಿಂತಿದ್ದೆ ಕಣವ್ವಾ. ಕೇಳ್ಲೇ ಇಲ್ಲ."

ಯಾವುದು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. ಅವರು ದೀಪದ ಬತ್ತಿ ಸರಿಮಾಡಿದರು. ಅಜ್ಜಿಗೆ ಕಿವಿ ಮಂದ, ಆದರೆ ಬೇಕಾದ್ದು ಕೇಳುತ್ತದೆ. "ಕೇಳಿದ್ರೆ ಇವ್ನು ಏಳ್ಬುಡ್ತಿದ್ದ. ಅದ್ಕೇಯ ಇವ್ನ ಎದೆ ಬಿಗುದೋಗಿರಾದು" ಅಂದಳು. ಅಪ್ಪ ಎದ್ದು ಹೊರಗೆ ಹೋದರು.

ಜೀನತ್, ಅಪ್ಪ ತಾವಾಗಿ ಹೇಳಲಾರರು. ಆ ಜಾಗವನ್ನೆಲ್ಲ ಸೇರಿಸಿ ಬಡಾವಣೆ ಮಾಡುವ ಯೋಚನೆ ಅಣ್ಣನಿಗಿದೆ, ಅವನ ಎದುರು ಅಪ್ಪನಿಗೆ ಮಾತು ಬರುವುದಿಲ್ಲ. ನಾನೂ ನಾನಾಗಿ ಬಂದು ಹೇಳಲಾರೆ. ನಾನಾಗಿ ಬಂದರೆ ಮನೆ ಮುರಿಯಲು ಬಂದವಳು. ಕೋರ್ಟು ಕರೆದು ಬಂದರೆ ಬರಲೇಬೇಕಾಗಿ ಬಂದವಳು. ಈ ಎರಡರ ನಡುವೆ ಇರುವುದು ಒಂದು ಹಾಳೆ.

ನನಗೊಂದು ಸಮನ್ಸ್ ಕಳಿಸು.

ಶಾಲೆಗೆ ಬೇಡ. ಊರಿನ ಮನೆಯ ವಿಳಾಸಕ್ಕೆ ಕಳಿಸು. ಕದ್ದು ಬಂದೆ ಎನ್ನುವುದು ಬೇಡ. ಎಲ್ಲರೂ ಓದಲಿ.

ಪವಿತ್ರ

*

ಶ್ರೀರಂಗಪಟ್ಟಣ
18 ಡಿಸೆಂಬರ್ 2024

ಪವಿತ್ರಾ,

ಸಾಕ್ಷ್ಯವನ್ನು ಮತ್ತೆ ತೆರೆಯುವ ಅರ್ಜಿಗೆ ನಿಮ್ಮ ಕಡೆಯವರು ಜೋರಾಗಿ ತಕರಾರು ಮಾಡಿದರು. ನಿನ್ನೆ ನ್ಯಾಯಾಧೀಶರು ಒಪ್ಪಿದರು. ಜನವರಿ ಇಪ್ಪತ್ತೊಂದು, ಬೆಳಿಗ್ಗೆ ಹನ್ನೊಂದು. ಸಮನ್ಸನ್ನು ಕೋರ್ಟಿನ ಅಮೀನರು ನಿಮ್ಮ ಮನೆಗೇ ತರುತ್ತಾರೆ.

ಸಮನ್ಸ್ ಬಂದರೆ ಹೆದರಬೇಡಿ ಎಂದು ಪುಸ್ತಿಕೆಗಳಲ್ಲಿ ಬರೆದಿರುತ್ತದೆ. ಅದನ್ನು ಓದಿದಾಗಲೆಲ್ಲ, ಹೆದರಿಸುವುದನ್ನು ಯಾಕೆ ಕಳಿಸುತ್ತೀರಿ ಎಂದು ಸಿಟ್ಟಾಗುತ್ತಿದ್ದೆ. ಸರ್ಕಾರದ ದೊಣ್ಣೆ ಎಂದು ಚರ್ಚಾಸ್ಪರ್ಧೆಯಲ್ಲಿ ಭಾಷಣವನ್ನೂ ಮಾಡಿದ್ದೆ, ಬಹುಮಾನ ಬಂದಿತ್ತು. ಯಾರೋ ಒಬ್ಬರು ಆ ಹಾಳೆಯನ್ನು ಕೊಡೆಯ ಹಾಗೆ ಕೇಳಿ ತರಿಸಿಕೊಳ್ಳಬಹುದು ಎಂದು ಯಾವ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ. ನೀನು ಹೇಳಿಕೊಟ್ಟೆ.

ಅಬ್ಬಾಗೆ ನಿನ್ನ ಕಾಗದವನ್ನು ತೋರಿಸಿಲ್ಲ, ರವೀಂದ್ರ ಸರ್‌ಗೂ ತೋರಿಸಿಲ್ಲ. ನೀನು ಒಪ್ಪಿದ್ದೀಯ ಎಂದಷ್ಟೇ ಹೇಳಿದೆ. ಅಬ್ಬಾ ನಂಬಲಿಲ್ಲ, ನಾನೇ ಪೀಡಿಸಿ ಒಪ್ಪಿಸಿದ್ದೇನೆ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಇರಲಿ, ನನಗೆ ಅದು ಸಲ್ಲಬೇಕಾದ್ದೇ.

ಸಾಕ್ಷಿ ಮುಗಿಯುವವರೆಗೆ ನಾನು ನಿನಗೆ ಬರೆಯುವುದಿಲ್ಲ. ಹೇಳಿಕೊಟ್ಟು ಕರೆತಂದರು ಎನ್ನಲು ಅವರಿಗೆ ಒಂದು ಅಕ್ಷರವೂ ಸಿಗಬಾರದು. ಆ ದಿನ ಕೋರ್ಟಿನಲ್ಲಿ ನಿನ್ನ ಮುಖವನ್ನೂ ನೋಡುವುದಿಲ್ಲ. ತಪ್ಪು ತಿಳಿಯಬೇಡ.

ಜೀನತ್

*

ಶ್ರೀರಂಗಪಟ್ಟಣ
24 ಮಾರ್ಚ್ 2025

ಪವಿತ್ರಾ,

ತೀರ್ಪು ಬಂತು. ಅಬ್ಬಾನ ದಾರಿ ಅಬ್ಬಾಗೆ ಸಿಕ್ಕಿತು. ಬೇಲಿಯನ್ನು ಮೂವತ್ತು ದಿನದೊಳಗೆ ತೆಗೆಯಬೇಕು. ದಿಲೀಪ ಮೇಲ್ಮನವಿ ಹಾಕುತ್ತಾನೆ ಎನ್ನುತ್ತಿದ್ದಾರೆ. ಹಾಕಬಹುದು, ಅದು ಅವನ ಹಕ್ಕು. ಹೀಗೆ ನಾನೇ ಬರೆದಿದ್ದೇನೆ ಎನ್ನುವುದನ್ನು ಗಮನಿಸು.

ತೀರ್ಪಿನಲ್ಲಿ ನಿನ್ನ ಬಗ್ಗೆ ಎರಡು ಸಾಲು ಇವೆ. ಒಂದನೇ ಪ್ರತಿವಾದಿಯ ಸ್ವಂತ ಮಗಳಾದ ಈ ಸಾಕ್ಷಿಗೆ ಸುಳ್ಳು ಹೇಳುವುದರಿಂದ ಲಾಭವಿಲ್ಲ, ನಿಜ ಹೇಳುವುದರಿಂದ ನಷ್ಟವಿದೆ, ಆದ್ದರಿಂದ ನಂಬಬಹುದು ಎಂದು. ಮೂವತ್ತೆಂಟು ಪುಟದಲ್ಲಿ ಅದೊಂದು ಕಡೆ ಮಾತ್ರ ಮನುಷ್ಯರು ಬರೆದಂತೆ ಕಂಡಿತು. ಸಣ್ಣ ಕೋರ್ಟಿನ ತೀರ್ಪು ಯಾವ ಸಂಪುಟಕ್ಕೂ ಹೋಗುವುದಿಲ್ಲ. ಮುಂದೆ ಇನ್ಯಾರಿಗೋ ಆಧಾರವಾಗುವುದೂ ಇಲ್ಲ. ಇದೊಂದು ದಾರಿ, ಇಷ್ಟೇ ಎತ್ತು. ನನಗೆ ಮೊದಲು ಬೇಜಾರಾಯಿತು, ಆಮೇಲೆ ಆಗಲಿಲ್ಲ.

ನಿನ್ನ ಮುಖ ನೋಡುವುದಿಲ್ಲ ಅಂದಿದ್ದೆ. ನೋಡಲಿಲ್ಲ, ಆದರೆ ದನಿಯನ್ನು ಬರೆದುಕೊಂಡೆ. ಜಗಲಿಯ ಮಾತನ್ನು ನೀನು ಊರಿನ ಮಾತಿನಲ್ಲೇ ಹೇಳಿದಾಗ ಟೈಪಿಸ್ಟ್ ಕೈ ನಿಲ್ಲಿಸಿದರು. ಹಾಗೇ ಬರೆಯಿರಿ ಎಂದರು ನ್ಯಾಯಾಧೀಶರು. ನಿಮ್ಮ ವಕೀಲರು ಎದ್ದು, ಹಾಗಾದರೆ ನಿಮ್ಮ ತಂದೆ ಸುಳ್ಳು ಹೇಳಿದ್ದಾರೆ ಅನ್ನುತ್ತೀರಾ ಎಂದರು. ನಿನ್ನ ಉತ್ತರವನ್ನು ಹಾಗೇ ಬರೆದುಕೊಂಡಿದ್ದೇನೆ.

"ಇಲ್ಲ ಸರ್. ಅವರು ನೀವು ಬರೆದದ್ದಕ್ಕೆ ಸಹಿ ಹಾಕಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಇದನ್ನು ಅವರನ್ನ ಯಾರೂ ಕೇಳಲಿಲ್ಲ. ಎರಡು ಕಡೆಯವರೂ ಕೇಳಲಿಲ್ಲ."

ರವೀಂದ್ರ ಸರ್ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ದಾಖಲೆಯಲ್ಲಿ ಅದು, "ನನ್ನ ತಂದೆ ಸುಳ್ಳು ಹೇಳಿದ್ದಾರೆ ಎಂದರೆ ಸರಿಯಲ್ಲ" ಎಂದು ಸೇರಿದೆ.

ನೀನು ಕೆಳಗಿಳಿದು ಯಾರ ಜೊತೆಯೂ ಮಾತಾಡದೆ ಹೊರಟುಹೋದೆ. ನಿಮ್ಮಪ್ಪನೂ ಹಿಂದೆಯೇ ಎದ್ದುಹೋದರು. ಏನಾಯಿತು? ಇದನ್ನು ದಾವೆಗಾಗಿ ಕೇಳುತ್ತಿಲ್ಲ. ದಾವೆ ಮುಗಿದಿದೆ. ಹೇಳಲೇಬೇಕು ಎಂದೂ ಇಲ್ಲ.

ನಿನ್ನ ಋಣದಲ್ಲಿರುವ,
ಜೀನತ್

*

ಪಾಂಡವಪುರ
2 ಏಪ್ರಿಲ್ 2025

ಜೀನತ್,

ಹೇಳುತ್ತೇನೆ. ಆವತ್ತು ಕೋರ್ಟಿನಲ್ಲಿ ಕೊನೆಗೆ ವಕೀಲರು, ನಿಮ್ಮನ್ನು ಇಲ್ಲಿಗೆ ಬರಲು ಯಾರು ಹೇಳಿದರು ಎಂದು ಕೇಳಿದ್ದು ನೀನೂ ಬರೆದುಕೊಂಡಿರಬೇಕು. ಸಮನ್ಸ್ ಬಂತು, ಬಂದೆ ಎಂದೆ. ಅದು ನಿಜವೇ. ಮನೆಗೆ ಬಂದ ಸಮನ್ಸಿಗೆ ಸಹಿ ಹಾಕಿ ತೆಗೆದುಕೊಂಡವರು ಅಪ್ಪ. ನಿನಗೊಂದು ಕಾಗದ ಬಂದಿದೆ, ಕೋರ್ಟಿನದು ಎಂದು ಫೋನಿನಲ್ಲಿ ಹೇಳಿದವರೂ ಅವರೇ. ಬೇರೇನೂ ಹೇಳಿರಲಿಲ್ಲ.

ಸಾಕ್ಷಿ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದೆ. ದಿಲೀಪಣ್ಣ ಬೈಕಿನಲ್ಲಿ ಪಕ್ಕದಲ್ಲೇ ಹೋದ, ತಿರುಗಿ ನೋಡಲಿಲ್ಲ. ಪಾಂಡವಪುರದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನೋಡಿದರೆ ಅಪ್ಪ ಬರುತ್ತಿದ್ದಾರೆ, ಚಪ್ಪಲಿ ಎಳೆದುಕೊಂಡು, ಬಿಸಿಲಿಗೆ ಹೆಗಲಿನ ಟವೆಲನ್ನು ತಲೆಗೆ ಹಾಕಿಕೊಂಡು. ಬಂದು ನನ್ನ ಪಕ್ಕದಲ್ಲಿ ನಿಂತರು. ಇಬ್ಬರೂ ಒಂದೇ ದಿಕ್ಕಿಗೆ, ಬಸ್ಸು ಬರುವ ಕಡೆಗೆ ನೋಡುತ್ತಾ ನಿಂತೆವು. ಕಡಲೆಕಾಯಿಯವನು ಬಂದ, ಹೋದ. ಆಮೇಲೆ ಕೇಳಿದರು.

"ಆ ಕಾಗ್ದ ಬರ್ದೆ ಇದ್ದಿದ್ರೂ ಬರ್ತಿದ್ಯಾ?"

ನಾನು ಆ ಹಾಳೆಯನ್ನು ಕೇಳಿ ತರಿಸಿಕೊಂಡದ್ದೇ ಈ ಪ್ರಶ್ನೆ ಬರಬಾರದು ಎಂದು. ಇಲ್ಲ, ಕೋರ್ಟು ಕರೆದಿದ್ದಕ್ಕೆ ಬಂದೆ ಅಂದಿದ್ದರೆ ಮುಗಿಯುತ್ತಿತ್ತು. ಅವರೂ ಅದನ್ನೇ ಕೇಳಲು ಬಂದಿದ್ದರೇನೋ. ಹೇಳಲು ಬಾಯಿ ತೆರೆದೆ. ಅರ್ಧ ಗಂಟೆಯ ಹಿಂದೆ ಅಪರಿಚಿತರ ಮುಂದೆ ಪ್ರಮಾಣ ಮಾಡಿ ನಿಜ ಹೇಳಿದವಳಿಗೆ ಅಪ್ಪನ ಮುಂದೆ ಸುಳ್ಳು ಹೊರಡಲಿಲ್ಲ.

"ಆ ಕಾಗದ ನಾನೇ ಕೇಳಿ ಕಳಿಸ್ಕೊಂಡೆ ಕಣಪ್ಪ."

ಅವರು ನನ್ನ ಕಡೆ ತಿರುಗಲಿಲ್ಲ. ಕೈ ಎತ್ತಿ ಮುಖ ಒರೆಸಿಕೊಂಡರು, ಬೆವರಿಗೋ ಇನ್ನೇನಕ್ಕೋ ಹೇಳಲಾರೆ. ನನ್ನನ್ನು ಬಿಟ್ಟು ಹೊರಟುಹೋಗುತ್ತಾರೆ ಅಂದುಕೊಂಡೆ. ಆಗಲೇ ಬಸ್ಸು ಬಂತು. ಸಂತೆಯ ದಿನ, ನೂಕುನುಗ್ಗಲು. ನಾನು ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ಇಲ್ಲ. ನೋಡಿದರೆ ಇನ್ನೂ ನಿಲ್ಲದ ಬಸ್ಸಿನ ಪಕ್ಕ ಓಡುತ್ತಿದ್ದಾರೆ, ಎಪ್ಪತ್ತರ ಮುದುಕ, ಜನರನ್ನು ಮೊಣಕೈಯಲ್ಲಿ ತಳ್ಳುತ್ತಾ. ಕಿಟಕಿಯೊಳಗೆ ಟವೆಲ್ ಎಸೆದರು. ಒಳಗಿದ್ದ ಹೆಂಗಸು ಏನೋ ಅಂದಳು, ಇವರು ಅದಕ್ಕೆ ಎದುರಾಗಿ ಎರಡು ಮಾತು ಅಂದರು.

"ಸೀಟ್ ಇಡ್ದಿವ್ನಿ, ಅತ್ತವ್ವ. ನಿಂತ್ಕಂಡೋಗ್ಬ್ಯಾಡ" ಎಂದು ನನ್ನನ್ನು ಬಾಗಿಲಿಗೆ ನೂಕಿದರು.

ನಾನು ಹೋಗಿ ಆ ಟವೆಲ್ಲಿನ ಮೇಲೆ ಕೂತೆ. ವಾಪಸ್ ಕೊಡಲು ಕಿಟಕಿಯ ಹೊರಗೆ ಕೈ ಚಾಚಿದೆ, ಆದರೆ ಬಸ್ಸು ಹೊರಟಿತ್ತು. ಬಿಸಿಲಿನಲ್ಲಿ ಬರಿ ತಲೆಯಲ್ಲಿ ನಿಂತು, ಇರಲಿ ಹೋಗು ಎನ್ನುವಂತೆ ಕೈ ಆಡಿಸಿದರು.

ಎರಡು ತಿಂಗಳಾಯಿತು. ಒಗೆದು ಮಡಿಸಿ ಪುಸ್ತಕಗಳ ಮೇಲೆ ಇಟ್ಟಿದ್ದೇನೆ. ತೀರ್ಪು ಬರುವ ಮೊದಲು ಹೋದರೆ ಯಾವ ಕಡೆಗೋ ಒಲಿಸಲು ಬಂದಂತೆ ಆಗುತ್ತಿತ್ತು, ಹೋಗಲಿಲ್ಲ. ಯುಗಾದಿಗೂ ಹೋಗಲಿಲ್ಲ. ಅಣ್ಣ ಮಾತಾಡುವುದಿಲ್ಲ, ಅಮ್ಮ ಅಳುತ್ತಾಳೆ, ಅದೆಲ್ಲ ಇದ್ದದ್ದೇ. ಆದರೆ ಅದು ಅಪ್ಪನ ಟವೆಲ್, ನನ್ನದಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತೆಗೆದುಕೊಂಡು ಹೋಗುತ್ತೇನೆ.

ಪವಿತ್ರ